ಸ್ವಾಪ್ ಕನ್ಫರ್ಮ್ ಆದ ಮೇಲೆ: ಡೆಕ್ಸ್ ಟ್ರಾನ್ಸಾಕ್ಷನ್ ಅನ್ನು ಸಾಲು ಸಾಲಾಗಿ ಓದುವುದು ಹೇಗೆ

ಡೆಕ್ಸ್‌ನಲ್ಲಿ, ಅಂದರೆ ಮಧ್ಯವರ್ತಿ ಕಂಪನಿ ಇಲ್ಲದೆ ಕ್ರಿಪ್ಟೋ ಟೋಕನ್ ವಿನಿಮಯ ಮಾಡುವ ತಾಣದಲ್ಲಿ, ಒಂದು ಸ್ವಾಪ್ ಮಾಡಿದಿರಿ: ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆದಿರಿ. ವಾಲೆಟ್‌ನಲ್ಲಿ ಹಸಿರು ಗುರುತು ಬಂತು, 'ಕನ್ಫರ್ಮ್ಡ್' ಅಂತ ತೋರಿಸಿತು. ಹೆಚ್ಚಿನವರು ಅಲ್ಲಿಗೇ ಪರದೆ ಮುಚ್ಚುತ್ತಾರೆ. ಆದರೆ ಆ ಹಸಿರು ಗುರುತು ಹೇಳುವುದು ಒಂದೇ ಮಾತು: ನಿಮ್ಮ ಟ್ರಾನ್ಸಾಕ್ಷನ್ ಬ್ಲಾಕ್‌ಗೆ (ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕದ ಒಂದು ಪುಟಕ್ಕೆ) ಸೇರಿತು, ತಪ್ಪಿಲ್ಲದೆ ಓಡಿತು. ಎಷ್ಟು ಕೊಟ್ಟಿರಿ, ಎಷ್ಟು ಬಂತು, ಯಾವ ದರ ಬಿತ್ತು, ನಡುವೆ ಯಾರ ಪಾಲಿಗೆ ಎಷ್ಟು ಹೋಯಿತು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಉತ್ತರ ಇರುವುದು ಲಾಗ್‌ನಲ್ಲಿ. ಪೂಲ್ (ವಿನಿಮಯಕ್ಕೆಂದು ಎರಡು ಟೋಕನ್ ಕೂಡಿಟ್ಟ ಕಾಂಟ್ರ್ಯಾಕ್ಟ್, ಅಂದರೆ ಬ್ಲಾಕ್‌ಚೈನ್‌ನಲ್ಲಿ ತಾನಾಗಿ ಓಡುವ ಪ್ರೋಗ್ರಾಂ) ಮತ್ತು ಟೋಕನ್‌ಗಳ ಕಾಂಟ್ರ್ಯಾಕ್ಟ್‌ಗಳು ತಾವೇ ಬರೆದಿಟ್ಟ ನಾಲ್ಕಾರು ಸಾಲು ಅದು. ಯಾರು ಬೇಕಾದರೂ ತೆರೆದು ಓದಬಹುದು, ಯಾರ ಅನುಮತಿಯೂ ಬೇಡ. ಡೆಕ್ಸ್‌ನಲ್ಲಿ ವಹಿವಾಟು ಮಾಡುವ ಪ್ರತಿಯೊಬ್ಬರಿಗೂ ಇದನ್ನು ಓದಲು ಬರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಇಲ್ಲಿ ನಮ್ಮ ದುಡ್ಡಿಗೆ ರಸೀದಿ ಅಂತ ಇರುವುದು ಅದೊಂದೇ.

ಬೇಕಾಗುವ ಸಾಮಾನು ಕಡಿಮೆ. ಟ್ರಾನ್ಸಾಕ್ಷನ್ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಈಥರ್‌ಸ್ಕ್ಯಾನ್‌ನಂಥ ಒಂದು ಬ್ಲಾಕ್ ಎಕ್ಸ್‌ಪ್ಲೋರರ್ (ಬ್ಲಾಕ್‌ಚೈನ್ ಹುಡುಕಿ ಓದುವ ಜಾಲತಾಣ), ಒಂದು ಕ್ಯಾಲ್ಕ್ಯುಲೇಟರ್. ನಾನು ಈಥೀರಿಯಂ ಎಂಬ ಬ್ಲಾಕ್‌ಚೈನ್ ಮತ್ತು ಅದರ ಮೇಲಿನ ಯೂನಿಸ್ವಾಪ್ ಎಂಬ ಡೆಕ್ಸ್ ಇಟ್ಟುಕೊಂಡು ವಿವರಿಸುತ್ತೇನೆ. ಬಹಳಷ್ಟು ಡೆಕ್ಸ್‌ಗಳು ಅದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ, ಆದ್ದರಿಂದ ಒಂದನ್ನು ಕಲಿತರೆ ಉಳಿದವು ಬೇಗ ಕೈಗೆ ಹತ್ತುತ್ತವೆ.

1. ಮೊದಲು ಸ್ಥಿತಿ ನೋಡಿ

ಹ್ಯಾಶ್ ಹಾಕಿ ಹುಡುಕಿದರೆ ಮೇಲ್ಗಡೆಯೇ ಸ್ಥಿತಿ ಕಾಣುತ್ತದೆ. ಯಶಸ್ವಿ ಅಥವಾ ವಿಫಲ. ವಿಫಲ ಆಗಿದ್ದರೆ ಟೋಕನ್ ಕದಲಿಲ್ಲ ಅಂತ ಅರ್ಥ, ಆದರೆ ಗ್ಯಾಸ್ ದುಡ್ಡು, ಅಂದರೆ ಟ್ರಾನ್ಸಾಕ್ಷನ್ ಓಡಿಸಲು ಜಾಲಕ್ಕೆ ಕಟ್ಟುವ ಶುಲ್ಕ, ಹೋಗಿರುತ್ತದೆ. ವಿಫಲ ಟ್ರಾನ್ಸಾಕ್ಷನ್ ಕೂಡ ಬ್ಲಾಕ್‌ನಲ್ಲಿ ಸೇರಿರುತ್ತದೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಯೂನಿಸ್ವಾಪ್‌ನ ಎರಡನೇ ಆವೃತ್ತಿಯ ರೌಟರ್ (ಸ್ವಾಪ್ ಅನ್ನು ಪೂಲ್‌ಗೆ ಒಯ್ಯುವ ಕಾಂಟ್ರ್ಯಾಕ್ಟ್) ಇಂಥ ಕಡೆ 'ಇನ್‌ಸಫಿಶಿಯೆಂಟ್ ಔಟ್‌ಪುಟ್ ಅಮೌಂಟ್' ಅಂತ ಕಾರಣ ಕೊಡುತ್ತದೆ. ನೀವು ಕೇಳಿದ ಕನಿಷ್ಠ ಮೊತ್ತ ಸಿಗುವಂತಿರಲಿಲ್ಲ, ಆದ್ದರಿಂದ ಇಡೀ ವ್ಯವಹಾರವನ್ನೇ ಅದು ಹಿಂದಕ್ಕೆ ತಿರುಗಿಸಿತು.

ಯಶಸ್ವಿ ಆಗಿದ್ದರೂ ಎಷ್ಟು ಗಟ್ಟಿ ಎಂದು ನೋಡಬೇಕು. ಈಥೀರಿಯಂನಲ್ಲಿ 12 ಸೆಕೆಂಡಿಗೊಂದು ಸ್ಲಾಟ್, ಅಂದರೆ ಒಂದು ಬ್ಲಾಕ್‌ನ ಸರದಿ. 32 ಸ್ಲಾಟ್ ಸೇರಿದರೆ ಒಂದು ಎಪೋಕ್. ಎರಡು ಎಪೋಕ್ ಕಳೆದ ಮೇಲೆ, ಅಂದರೆ ಸುಮಾರು 13 ನಿಮಿಷದ ಹೊತ್ತಿಗೆ, ಬ್ಲಾಕ್ 'ಫೈನಲೈಸ್ಡ್', ಅಂದರೆ ಇನ್ನು ಬದಲಾಗದಷ್ಟು ಗಟ್ಟಿ, ಆಗುತ್ತದೆ. ದೊಡ್ಡ ಮೊತ್ತದ ಲೆಕ್ಕವನ್ನು ನಾನು ಆ ಪದ ಕಂಡ ಮೇಲೆಯೇ ಬರೆದಿಡುತ್ತೇನೆ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. ಸ್ವಾಪ್ ಮಾಡುವ ಮುಂಚೆ ವಾಲೆಟ್ ಒಮ್ಮೆ 'ಅಪ್ರೂವ್' ಕೇಳಿರುತ್ತದೆ, ಅಲ್ವಾ? ಅದು ಬೇರೆಯದೇ ಟ್ರಾನ್ಸಾಕ್ಷನ್. ಅದರ ಹ್ಯಾಶ್ ತೆರೆದು 'ಟೋಕನ್ ಎಲ್ಲಿ?' ಎಂದು ಹುಡುಕಿದರೆ ಏನೂ ಸಿಗದು. ಅಲ್ಲಿರುವುದು ಅನುಮತಿ ಮಾತ್ರ.

2. ಯಾರಿಂದ, ಯಾವ ಕಾಂಟ್ರ್ಯಾಕ್ಟ್‌ಗೆ

'ಫ್ರಮ್' ಜಾಗದಲ್ಲಿ ಸಾಮಾನ್ಯವಾಗಿ ನಿಮ್ಮ ವಾಲೆಟ್ ಇರುತ್ತದೆ. 'ಟು' ಜಾಗದಲ್ಲಿ ಪೂಲ್ ಇರುವುದಿಲ್ಲ, ರೌಟರ್ ಇರುತ್ತದೆ. ರೌಟರ್ ಎಂದರೆ ದಲ್ಲಾಳಿ ಇದ್ದಂತೆ. ನಿಮ್ಮ ಟೋಕನ್ ಒಯ್ದು ಸರಿಯಾದ ಪೂಲ್‌ಗೆ ಮುಟ್ಟಿಸುವುದು ಅದರ ಕೆಲಸ. ಒನ್‌ಇಂಚ್‌ನಂಥ ಅಗ್ರಿಗೇಟರ್ (ಹಲವು ಡೆಕ್ಸ್‌ಗಳಲ್ಲಿ ಒಳ್ಳೆ ದರ ಹುಡುಕುವ ಸೇವೆ) ಬಳಸಿದ್ದರೆ ಒಂದೇ ಸ್ವಾಪ್ ಎರಡು ಮೂರು ಪೂಲ್‌ಗಳಿಗೆ ಹಂಚಿ ಹೋಗಿರಬಹುದು. ಆಗ ಲಾಗ್ ಉದ್ದವಾಗಿರುತ್ತದೆ. ಗಾಬರಿ ಬೇಡ.

ಕೌಸ್ವಾಪ್‌ನಂಥ ವ್ಯವಸ್ಥೆಯಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ನೀವು ಆರ್ಡರ್‌ಗೆ ಸಹಿ ಮಾತ್ರ ಹಾಕುತ್ತೀರಿ. ಟ್ರಾನ್ಸಾಕ್ಷನ್ ಕಳಿಸುವವರು ಸಾಲ್ವರ್‌ಗಳು, ಅಂದರೆ ನಿಮ್ಮ ಪರವಾಗಿ ಆರ್ಡರ್ ಪೂರೈಸುವವರು. 'ಫ್ರಮ್' ಜಾಗದಲ್ಲಿ ಅಪರಿಚಿತ ವಿಳಾಸ ಕಂಡರೆ ಕಳ್ಳತನ ಎಂದುಕೊಳ್ಳಬೇಡಿ. ಕೆಳಗಿನ ಟೋಕನ್ ಸಾಲುಗಳಲ್ಲಿ ನಿಮ್ಮ ವಿಳಾಸ ಇದೆಯಾ ಎಂದು ಹುಡುಕಿ.

3. ಲಾಗ್ ತೆರೆಯಿರಿ

ಎಕ್ಸ್‌ಪ್ಲೋರರ್‌ನ ಮೇಲ್ಭಾಗದಲ್ಲಿ 'ಇಷ್ಟು ಕೊಟ್ಟು ಅಷ್ಟು ಪಡೆದರು' ಅಂತ ಒಂದು ಸಾಲಿನ ಸಾರಾಂಶ ಇರುತ್ತದೆ. ಅದು ಅನುಕೂಲಕ್ಕೆ ಇರುವಂಥದ್ದು. ಹಲವು ಪೂಲ್ ದಾಟಿದ ಸ್ವಾಪ್‌ನಲ್ಲಿ ಅದು ನಡುವಿನ ಒಂದು ಹಂತವನ್ನಷ್ಟೇ ತೋರಿಸುವುದೂ ಉಂಟು. ಅದನ್ನು ನಂಬಿ ಲೆಕ್ಕ ಬರೆಯಬೇಡಿ. 'ಲಾಗ್ಸ್' ಎಂಬ ಕಡೆ ಒತ್ತಿ.

ಯೂನಿಸ್ವಾಪ್ ಎರಡನೇ ಆವೃತ್ತಿ 2020ರ ಮೇ ತಿಂಗಳಲ್ಲಿ ಬಂತು. ಕಲಿಯುವುದಕ್ಕೆ ಇವತ್ತಿಗೂ ಅದೇ ಸುಲಭ. ಯುಎಸ್‌ಡಿಸಿ (ಒಂದು ಡಾಲರ್ ಬೆಲೆಯ ಟೋಕನ್) ಕೊಟ್ಟು ವೆಥ್, ಅಂದರೆ ರ‍್ಯಾಪ್ ಮಾಡಿದ ಈಥರ್ (ಈಥೀರಿಯಂನ ಮೂಲ ನಾಣ್ಯದ ಟೋಕನ್ ರೂಪ), ಪಡೆದ ಒಂದು ಸರಳ ಸ್ವಾಪ್‌ನಲ್ಲಿ ಸಾಲುಗಳು ಬರುವ ಕ್ರಮ ಹೀಗಿರುತ್ತದೆ:

ಮೊದಲು ಒಂದು 'ಟ್ರಾನ್ಸ್‌ಫರ್': ಯುಎಸ್‌ಡಿಸಿ ನಿಮ್ಮ ವಾಲೆಟ್‌ನಿಂದ ಪೂಲ್‌ಗೆ.
ಆಮೇಲೆ ಇನ್ನೊಂದು 'ಟ್ರಾನ್ಸ್‌ಫರ್': ವೆಥ್ ಪೂಲ್‌ನಿಂದ ನಿಮಗೆ.
ಮೂರನೆಯದು 'ಸಿಂಕ್': ಈಗ ಪೂಲ್‌ನಲ್ಲಿ ಎರಡೂ ಟೋಕನ್ ಎಷ್ಟೆಷ್ಟು ಉಳಿದಿವೆ.
ಕೊನೆಗೆ 'ಸ್ವಾಪ್': ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು.

ಬಹಳ ಜನ 'ಸಿಂಕ್' ಸಾಲನ್ನು ದಾಟಿ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಲಾಗ್‌ನಲ್ಲಿ ಅದೇ ಅತಿ ಬೆಲೆಬಾಳುವ ಸಾಲು. ಯಾಕೆ ಅನ್ನುವುದು ಲೆಕ್ಕಕ್ಕೆ ಕೂತಾಗ ಗೊತ್ತಾಗುತ್ತದೆ.

'ಸ್ವಾಪ್' ಸಾಲಿನಲ್ಲಿ ಟೋಕನ್ ಹೆಸರು ಇರುವುದಿಲ್ಲ. ಅಮೌಂಟ್0, ಅಮೌಂಟ್1 ಎಂದಷ್ಟೇ ಇರುತ್ತದೆ. ಯಾವುದು ಯಾವ ಟೋಕನ್? ಎರಡು ಕಾಂಟ್ರ್ಯಾಕ್ಟ್ ವಿಳಾಸಗಳಲ್ಲಿ ಸಂಖ್ಯೆಯಾಗಿ ಚಿಕ್ಕದು ಯಾವುದೋ ಅದು ಟೋಕನ್0. ಈಥೀರಿಯಂನಲ್ಲಿ ಯುಎಸ್‌ಡಿಸಿ ವಿಳಾಸ (ಎಲ್ಲದರ ಮುಂದೂ ಇರುವ 0x ಬಿಟ್ಟು) 'ಎ' ಅಕ್ಷರದಿಂದ ಶುರು, ವೆಥ್ 'ಸಿ' ಅಕ್ಷರದಿಂದ, ಯುಎಸ್‌ಡಿಟಿ (ಇನ್ನೊಂದು ಡಾಲರ್ ಟೋಕನ್) 'ಡಿ' ಅಕ್ಷರದಿಂದ. ಆದ್ದರಿಂದ ಯುಎಸ್‌ಡಿಸಿ ಪೂಲ್‌ನಲ್ಲಿ ವೆಥ್ ಎರಡನೆಯದು, ಯುಎಸ್‌ಡಿಟಿ ಪೂಲ್‌ನಲ್ಲಿ ವೆಥ್ ಮೊದಲನೆಯದು. ಒಂದು ಪೂಲ್‌ಗೆ ಬರೆದ ಸೂತ್ರವನ್ನು ಹಾಗೇ ಇನ್ನೊಂದಕ್ಕೆ ಅಂಟಿಸಿದರೆ ದರ ತಲೆಕೆಳಗಾಗುವುದು ಇದೇ ಕಾರಣಕ್ಕೆ.

ಇನ್ನು ದಶಾಂಶ. ಲಾಗ್‌ನಲ್ಲಿ ಎಲ್ಲವೂ ಪೂರ್ಣಾಂಕ. ಯುಎಸ್‌ಡಿಸಿ, ಯುಎಸ್‌ಡಿಟಿಗೆ 6 ದಶಾಂಶ ಸ್ಥಾನ. ರ‍್ಯಾಪ್ ಮಾಡಿದ ಬಿಟ್‌ಕಾಯಿನ್‌ಗೆ 8. ವೆಥ್ ಮತ್ತು ಡಾಯ್ ಎಂಬ ಡಾಲರ್ ಟೋಕನ್‌ಗೆ 18. ಹೀಗಾಗಿ 10,000 ಯುಎಸ್‌ಡಿಸಿ ಎಂಬುದು ಲಾಗ್‌ನಲ್ಲಿ 1ರ ಮುಂದೆ 10 ಸೊನ್ನೆಯಾಗಿ ಕಾಣುತ್ತದೆ. ಹೊಸ ಟೋಕನ್ ಆದರೆ ಅದರ ಕಾಂಟ್ರ್ಯಾಕ್ಟ್ ಪುಟದಲ್ಲಿ 'ಡೆಸಿಮಲ್ಸ್' ಎಷ್ಟಿದೆ ಎಂದು ಓದಿ. 18 ಇರಬಹುದು ಅಂತ ಸುಮ್ನೆ ಊಹಿಸಬೇಡಿ.

4. ಲೆಕ್ಕಕ್ಕೆ ಕೂರೋಣ

ಒಂದು ಉದಾಹರಣೆ ಕಟ್ಟುತ್ತೇನೆ. ಸಂಖ್ಯೆಗಳು ಲೆಕ್ಕಕ್ಕೆ ಅನುಕೂಲವಾಗಲಿ ಎಂದು ನಾನೇ ಆರಿಸಿದವು, ಸೂತ್ರ ಮಾತ್ರ ಪೂಲ್ ನಿಜವಾಗಿ ಬಳಸುವಂಥದ್ದೇ.

'ಸ್ವಾಪ್' ಸಾಲು ಹೇಳುತ್ತದೆ: ಒಳಗೆ 10,000 ಯುಎಸ್‌ಡಿಸಿ, ಹೊರಗೆ 4.960273 ವೆಥ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 2,016.02 ಬರುತ್ತದೆ. ಒಂದು ವೆಥ್‌ಗೆ ನಿಮಗೆ ನಿಜವಾಗಿ ಬಿದ್ದ ದರ ಅದು.

ಆದರೆ ಆ ಹೊತ್ತಿಗೆ ಪೂಲ್‌ನಲ್ಲಿ ದರ ಎಷ್ಟಿತ್ತು? ಇಲ್ಲಿ 'ಸಿಂಕ್' ನೆರವಿಗೆ ಬರುತ್ತದೆ. ಅದರಲ್ಲಿ 20,10,000 ಯುಎಸ್‌ಡಿಸಿ ಮತ್ತು 995.039727 ವೆಥ್ ಅಂತ ಇದೆ ಎಂದುಕೊಳ್ಳಿ. ಇದು ಸ್ವಾಪ್ ಆದ ನಂತರದ ದಾಸ್ತಾನು. ಒಳಗೆ ಬಂದದ್ದನ್ನು ಕಳೆಯಿರಿ, ಹೊರಗೆ ಹೋದದ್ದನ್ನು ಕೂಡಿಸಿ. ಸ್ವಾಪ್‌ಗೆ ಮುಂಚಿನ ದಾಸ್ತಾನು ಸಿಕ್ಕಿತು: 20,00,000 ಯುಎಸ್‌ಡಿಸಿ ಮತ್ತು 1,000 ವೆಥ್. ಅಂದರೆ ನೀವು ಬರುವ ಕ್ಷಣದಲ್ಲಿ ದರ ಸರಿಯಾಗಿ 2,000. ಎಲ್ಲೂ ಹಳೆಯ ಚಾರ್ಟ್ ಹುಡುಕಬೇಕಿಲ್ಲ. ನಿಮ್ಮ ಟ್ರಾನ್ಸಾಕ್ಷನ್‌ನ ಒಳಗೇ ಅದು ಇದೆ.

2,000 ದರದಲ್ಲಿ 10,000ಕ್ಕೆ 5 ವೆಥ್ ಬರಬೇಕಿತ್ತು. ಬಂದದ್ದು 4.960273. ಕೊರತೆ 0.039727 ವೆಥ್, ಡಾಲರ್ ಲೆಕ್ಕದಲ್ಲಿ ಸುಮಾರು 79.45. ಎಲ್ಲಿ ಹೋಯಿತು ಇದು? ಎರಡು ಪಾಲು ಮಾಡೋಣ.

ಒಂದು, ಪೂಲ್ ಶುಲ್ಕ. ಎರಡನೇ ಆವೃತ್ತಿಯಲ್ಲಿ ಅದು 0.3%. ಕೊಟ್ಟ ಟೋಕನ್ ಮೇಲೆಯೇ ಹಿಡಿಯುತ್ತಾರೆ. 10,000ಕ್ಕೆ 30 ಡಾಲರ್. ಇದು ಪೂಲ್‌ನಲ್ಲೇ ಉಳಿಯುತ್ತದೆ, ಬಹುಪಾಲು ಲಿಕ್ವಿಡಿಟಿ ಕೊಟ್ಟವರಿಗೆ, ಅಂದರೆ ಪೂಲ್‌ಗೆ ಟೋಕನ್ ತುಂಬಿದವರಿಗೆ, ಸೇರುತ್ತದೆ. ಬೇರೆ ಸಾಲಾಗಿ ಎಲ್ಲೂ ಕಾಣುವುದಿಲ್ಲ.

ಎರಡು, ಪ್ರೈಸ್ ಇಂಪ್ಯಾಕ್ಟ್. ನಿಮ್ಮ ಸ್ವಾಪ್ ತಾನೇ ದರವನ್ನು ಜರುಗಿಸಿದ್ದರ ಬೆಲೆ. ಶುಲ್ಕ ಕಳೆದು ಉಳಿದ 9,970 ಪೂಲ್‌ಗೆ ಸೇರಿದಾಗ, ಎರಡು ದಾಸ್ತಾನುಗಳ ಗುಣಲಬ್ಧ ಮೊದಲಿನಷ್ಟೇ ಇರಬೇಕು. ಇದು ಪೂಲ್‌ನ ಮೂಲ ನಿಯಮ. 1,000ವನ್ನು 9,970ರಿಂದ ಗುಣಿಸಿ, 20,09,970ರಿಂದ ಭಾಗಿಸಿ: 4.960273. ಲಾಗ್‌ನಲ್ಲಿದ್ದ ಸಂಖ್ಯೆಯೇ ಬಂತು, ಅಲ್ವಾ? ಲೆಕ್ಕ ತಾಳೆಯಾಯಿತು. ಶುಲ್ಕದ 30 ಕಳೆದರೆ ಉಳಿದ 49.45 ಡಾಲರ್ ಇಂಪ್ಯಾಕ್ಟ್.

ಮೊದಲ ಸಲ ಈ ತಾಳೆ ಕೂಡಿಬಂದಾಗ ಒಂದು ಬಗೆಯ ನೆಮ್ಮದಿ ಸಿಗುತ್ತದೆ. ಯಾರೋ ತೋರಿಸಿದ ಸಂಖ್ಯೆಯನ್ನು ಒಪ್ಪಿಕೊಳ್ಳುವ ಬದಲು ನೀವೇ ಅದನ್ನು ಹುಟ್ಟಿಸಿ ನೋಡಿದಿರಿ. ಒಂದು ಹಳೆಯ ಸ್ವಾಪ್ ತೆಗೆದುಕೊಂಡು ಇವತ್ತೇ ಮಾಡಿ ನೋಡಿ. ಓದಿ ಮುಂದೆ ಹೋದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ.

ಒಂದು ಮಾತು ಬಿಡಿಸಿ ಹೇಳಬೇಕು. ಇಂಪ್ಯಾಕ್ಟ್ ಬೇರೆ, ಸ್ಲಿಪೇಜ್ ಬೇರೆ. ಇಂಪ್ಯಾಕ್ಟ್ ನಿಮ್ಮ ಗಾತ್ರದಿಂದ ಆಗುವುದು, ಸ್ವಾಪ್ ಒತ್ತುವ ಮುಂಚೆಯೇ ಲೆಕ್ಕ ಹಾಕಬಹುದು. ಸ್ಲಿಪೇಜ್ ಎಂದರೆ ನೀವು ಒತ್ತಿದ ಕ್ಷಣಕ್ಕೂ ಬ್ಲಾಕ್‌ಗೆ ಸೇರಿದ ಕ್ಷಣಕ್ಕೂ ನಡುವೆ ಬೇರೆಯವರಿಂದ ಆದ ಬದಲಾವಣೆ. ಎರಡನ್ನೂ ಕಲಸಿದರೆ ತಪ್ಪು ಯಾರದು ಎಂದು ತಿಳಿಯುವುದೇ ಇಲ್ಲ.

5. ಮೂರನೇ ಮತ್ತು ನಾಲ್ಕನೇ ಆವೃತ್ತಿ

2021ರ ಮೇ ತಿಂಗಳಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ 'ಸಿಂಕ್' ಇಲ್ಲ. 'ಸ್ವಾಪ್' ಸಾಲೇ ದಪ್ಪವಾಗಿದೆ. ಅಮೌಂಟ್0, ಅಮೌಂಟ್1 ಇವೆರಡರಲ್ಲಿ ಒಂದು ಧನ, ಒಂದು ಋಣ. ಪೂಲ್‌ನ ಕಡೆಯಿಂದ ಓದಿ: ಧನ ಎಂದರೆ ಪೂಲ್‌ಗೆ ಬಂತು, ಋಣ ಎಂದರೆ ಪೂಲ್‌ನಿಂದ ಹೋಯಿತು. ಸಾಲುಗಳ ಕ್ರಮವೂ ಬೇರೆ. ಇಲ್ಲಿ ಪೂಲ್ ಮೊದಲು ಟೋಕನ್ ಕೊಟ್ಟು ಆಮೇಲೆ ಇಸಿದುಕೊಳ್ಳುತ್ತದೆ. ಹೊರಗೆ ಹೋದ ಟ್ರಾನ್ಸ್‌ಫರ್ ಮೇಲೆ, ಒಳಗೆ ಬಂದದ್ದು ಕೆಳಗೆ ಕಂಡರೆ ಆಶ್ಚರ್ಯ ಬೇಡ.

ದರಕ್ಕೆ ಎರಡು ದಾರಿ ಇದೆ. ಒಂದು ವರ್ಗಮೂಲದ ರೂಪದಲ್ಲಿರುವ ದೊಡ್ಡ ಸಂಖ್ಯೆ. ಅದನ್ನು 2ರ 96ನೇ ಘಾತದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಬೇಕು. ಇನ್ನೊಂದು 'ಟಿಕ್'. 1.0001ರ ಟಿಕ್‌ನೇ ಘಾತವೇ ದರ. ನನಗೆ ಟಿಕ್ ಇಷ್ಟ, ಕಣ್ಣಿಗೆ ಬೇಗ ಅಂದಾಜು ಸಿಗುತ್ತದೆ. ಉದಾಹರಣೆಗೆ ಯುಎಸ್‌ಡಿಸಿ–ವೆಥ್ ಪೂಲ್‌ನಲ್ಲಿ ಈಥರ್ 2,000 ಡಾಲರ್ ಇದ್ದಾಗ ಟಿಕ್ ಸುಮಾರು 2,00,311 ಇರುತ್ತದೆ. ಎರಡೂ ದಾರಿಯಲ್ಲಿ ಬರುವುದು ಕಚ್ಚಾ ದರ, ದಶಾಂಶ ಸ್ಥಾನಗಳ ವ್ಯತ್ಯಾಸವನ್ನು ನೀವೇ ಸರಿಪಡಿಸಬೇಕು. ಈ ಪೂಲ್‌ನಲ್ಲಿ 18 ಮತ್ತು 6ರ ನಡುವಿನ ವ್ಯತ್ಯಾಸ 12.

ಇದು ಸ್ವಾಪ್ ಆದ ನಂತರದ ದರ ಎಂಬುದನ್ನು ಮರೆಯಬೇಡಿ. ಮುಂಚಿನ ದರ ಬೇಕೆಂದರೆ ಅದೇ ಪೂಲ್‌ನ ಹಿಂದಿನ 'ಸ್ವಾಪ್' ಸಾಲಿಗೆ ಹೋಗಿ. ಅಲ್ಲಿನ ಕೊನೆ ದರವೇ ನಿಮ್ಮ ಆರಂಭದ ದರ. ಇಲ್ಲಿ ಲಿಕ್ವಿಡಿಟಿ ಬೇರೆ ಬೇರೆ ದರದ ವ್ಯಾಪ್ತಿಗಳಲ್ಲಿ ಹಂಚಿಹೋಗಿರುತ್ತದೆ, ಆದ್ದರಿಂದ ಪೂಲ್‌ನ ಒಟ್ಟು ದಾಸ್ತಾನು ಹಾಕಿ ಹಿಂದಿನ ಗುಣಲಬ್ಧದ ಲೆಕ್ಕ ಮಾಡಿದರೆ ಉತ್ತರ ತಪ್ಪಾಗುತ್ತದೆ. ಶುಲ್ಕವೂ ಪೂಲ್‌ಗೊಂದು: 0.01%, 0.05%, 0.3%, 1%.

2025ರ ಜನವರಿಯಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಎಲ್ಲ ಪೂಲ್‌ಗಳೂ ಒಂದೇ ಕಾಂಟ್ರ್ಯಾಕ್ಟ್ ಒಳಗಿವೆ. ವಿಳಾಸ ನೋಡಿ ಪೂಲ್ ಗುರುತಿಸಲು ಆಗದು, ಪೂಲ್ ಐಡಿ ನೋಡಬೇಕು. ಚಿಹ್ನೆಗಳೂ ತಿರುಗಿವೆ: ಇಲ್ಲಿ ಋಣ ಎಂದರೆ ಪೂಲ್‌ಗೆ ಕೊಟ್ಟದ್ದು. ಹಳೆಯ ಶೀಟ್‌ನಲ್ಲಿ ಹೊಸ ಆವೃತ್ತಿಯ ಸಾಲು ತುಂಬಿದರೆ ಕೊಂಡದ್ದೆಲ್ಲ ಮಾರಿದಂತೆ ಕಾಣುತ್ತದೆ.

6. ಕನಿಷ್ಠ ಮಿತಿ ಮತ್ತು ಅಕ್ಕಪಕ್ಕದ ಟ್ರಾನ್ಸಾಕ್ಷನ್

ಈಗ ಅತಿ ಮುಖ್ಯವಾದ ತಪಾಸಣೆ. 'ಇನ್‌ಪುಟ್ ಡೇಟಾ' ಎಂಬ ಭಾಗ ತೆರೆದು ಡಿಕೋಡ್ ಮಾಡಿ, ಅಂದರೆ ಓದಬಲ್ಲ ರೂಪಕ್ಕೆ ತನ್ನಿ. ಎರಡನೇ ಆವೃತ್ತಿಯ ರೌಟರ್‌ನಲ್ಲಿ 'ಅಮೌಂಟ್ ಔಟ್ ಮಿನ್' ಅಂತ ಒಂದು ಸಂಖ್ಯೆ ಇರುತ್ತದೆ. ಇದಕ್ಕಿಂತ ಕಡಿಮೆ ಬಂದರೆ ಬೇಡ ಎಂದು ನೀವು ಕೊಟ್ಟ ಮಿತಿ ಅದು. ವಾಲೆಟ್‌ನಲ್ಲಿ ಸ್ಲಿಪೇಜ್ 1%ವರೆಗೆ ಇರಲಿ ಎಂದು ಇಟ್ಟಿದ್ದರೆ ನಮ್ಮ ಉದಾಹರಣೆಯಲ್ಲಿ ಆ ಮಿತಿ 4.910670 ವೆಥ್.

ಬಂದ ಮೊತ್ತವನ್ನು ಇದರ ಪಕ್ಕ ಇಟ್ಟು ನೋಡಿ. 4.96ರ ಹತ್ತಿರ ಬಂದಿದ್ದರೆ ಚಿಂತೆ ಇಲ್ಲ. 4.911 ಬಂದಿದ್ದರೆ, ಅಂದರೆ ಮಿತಿಗಿಂತ ಕೂದಲೆಳೆಯಷ್ಟು ಮಾತ್ರ ಜಾಸ್ತಿ ಇದ್ದರೆ, ಅಲ್ಲಿ ನಿಲ್ಲಿ. ಮಾರುಕಟ್ಟೆ ಸಹಜವಾಗಿ ಜರುಗಿದರೆ ಸರಿಯಾಗಿ ನಿಮ್ಮ ಮಿತಿಯ ಅಂಚಿಗೇ ಬಂದು ನಿಲ್ಲುವುದು ಅಪರೂಪ. ಯಾರೋ ನಿಮ್ಮ ಮಿತಿ ನೋಡಿಯೇ ಲೆಕ್ಕ ಹಾಕಿರಬಹುದು.

ನನಗೆ ಒಮ್ಮೆ ಹೀಗೇ ಆಯಿತು. ಸಣ್ಣ ಪೂಲ್‌ನ ಒಂದು ಟೋಕನ್ ಕೊಳ್ಳುವಾಗ ಟ್ರಾನ್ಸಾಕ್ಷನ್ ವಿಫಲ ಆಗದಿರಲಿ ಎಂದು ಸ್ಲಿಪೇಜ್ 5% ಇಟ್ಟಿದ್ದೆ. ಕನ್ಫರ್ಮ್ ಆಯಿತು, ಖುಷಿಯಾಯಿತು. ಎರಡು ದಿನದ ಮೇಲೆ ಲೆಕ್ಕ ಬರೆಯಲು ಕೂತಾಗ ಬಂದ ಮೊತ್ತ ಮಿತಿಯ ಅಂಚಿನಲ್ಲೇ ಇತ್ತು. ಆ ಬ್ಲಾಕ್ ತೆರೆದೆ. ನನ್ನದಕ್ಕಿಂತ ಒಂದು ಸ್ಥಾನ ಮೇಲೆ ಅದೇ ಟೋಕನ್‌ನ ಖರೀದಿ. ಒಂದು ಸ್ಥಾನ ಕೆಳಗೆ ಅದೇ ಕಾಂಟ್ರ್ಯಾಕ್ಟ್‌ನಿಂದ ಅಷ್ಟೇ ಟೋಕನ್‌ನ ಮಾರಾಟ. ಆ 5% ನಾನೇ ಬಾಗಿಲು ತೆರೆದಿಟ್ಟು ಕೊಟ್ಟಂತಾಗಿತ್ತು. ಆ ದಿನದಿಂದ ಯಾವ ಸ್ವಾಪ್ ಆದರೂ ಈ ತಪಾಸಣೆ ಬಿಟ್ಟಿಲ್ಲ.

ಇದಕ್ಕೆ ಸ್ಯಾಂಡ್‌ವಿಚ್ ದಾಳಿ ಎನ್ನುತ್ತಾರೆ: ನಿಮಗಿಂತ ಮುಂಚೆ ಕೊಂಡು ದರ ಏರಿಸಿ, ನೀವು ಆ ದರಕ್ಕೆ ಕೊಂಡ ಮೇಲೆ ಮಾರಿ ಲಾಭ ಮಾಡುವುದು. ಗುರುತಿಸುವುದು ಹೀಗೆ. ನಿಮ್ಮ ಟ್ರಾನ್ಸಾಕ್ಷನ್ ಬ್ಲಾಕ್‌ನಲ್ಲಿ ಎಷ್ಟನೇ ಸ್ಥಾನದಲ್ಲಿದೆ ಎಂದು ಬರೆದುಕೊಳ್ಳಿ. ಅದೇ ಬ್ಲಾಕ್‌ನಲ್ಲಿ ಅದೇ ಪೂಲ್‌ನ ಎಲ್ಲ 'ಸ್ವಾಪ್' ಸಾಲುಗಳನ್ನು ಹುಡುಕಿ. ನಿಮಗಿಂತ ಮುಂಚೆ ನಿಮ್ಮದೇ ದಿಕ್ಕಿನ ಒಂದು ಸ್ವಾಪ್, ನಿಮ್ಮ ನಂತರ ವಿರುದ್ಧ ದಿಕ್ಕಿನದು ಇದೆಯಾ? ಎರಡೂ ಒಂದೇ ಕಾಂಟ್ರ್ಯಾಕ್ಟ್‌ಗೆ ಹೋಗಿವೆಯಾ? ಮೊದಲನೆಯದರಲ್ಲಿ ಹೊರಗೆ ಬಂದ ಟೋಕನ್ ಮೊತ್ತ ಎರಡನೆಯದರಲ್ಲಿ ಒಳಗೆ ಹೋದ ಮೊತ್ತಕ್ಕೆ ಸಮ ಇದೆಯಾ? ಮೂರಕ್ಕೂ ಹೌದು ಎಂದರೆ ಸಂಶಯ ಉಳಿಯುವುದಿಲ್ಲ. ಸರಿಯಾಗಿ ಪಕ್ಕಪಕ್ಕದಲ್ಲೇ ಇರಬೇಕೆಂದೇನಿಲ್ಲ. ನಡುವೆ ನಿಮ್ಮಂಥ ಇನ್ನಿಬ್ಬರು ಸಿಕ್ಕಿಬಿದ್ದಿರಬಹುದು.

ಎರಡನೇ ಆವೃತ್ತಿಯ ಪೂಲ್ ಆದರೆ 'ಸಿಂಕ್' ಇಲ್ಲೂ ಸಾಕ್ಷಿ ಹೇಳುತ್ತದೆ. ನಿಮ್ಮ ಸ್ವಾಪ್‌ಗೆ ಮುಂಚಿನ ದಾಸ್ತಾನು ಲೆಕ್ಕ ಹಾಕಿದಿರಲ್ಲ, ಅದನ್ನು ಹಿಂದಿನ ಬ್ಲಾಕ್‌ಗಳಲ್ಲಿ ಕೊನೆಗೆ ಕಂಡ 'ಸಿಂಕ್' ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಈ ಬ್ಲಾಕ್‌ನಲ್ಲಿ ನಿಮಗಿಂತ ಮುಂಚೆ ಆ ಪೂಲ್ ಅನ್ನು ಯಾರೂ ಕದಲಿಸಿಲ್ಲ. ಬೇರೆ ಇದ್ದರೆ ಯಾರೋ ಮುಟ್ಟಿದ್ದಾರೆ.

ಹೋದದ್ದು ಎಷ್ಟು ಎಂದು ತಿಳಿಯಲು, ಆ ಹಳೆಯ ದಾಸ್ತಾನು ಹಾಕಿ 4ನೇ ಹಂತದ ಲೆಕ್ಕವನ್ನು ಮತ್ತೆ ಮಾಡಿ. ಬರಬೇಕಿದ್ದುದರಲ್ಲಿ ಬಂದದ್ದು ಕಳೆದರೆ ನಷ್ಟ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 4.960273 ಬರಬೇಕಿತ್ತು, 4.911 ಬಂದಿದ್ದರೆ 0.049273 ವೆಥ್, ಸುಮಾರು 98.5 ಡಾಲರ್. ಹೋದದ್ದು ವಾಪಸ್ ಬರುವುದಿಲ್ಲ. ಮುಂದಿನ ಸಲ ಸ್ಲಿಪೇಜ್ ಬಿಗಿ ಮಾಡಿ, ಅಥವಾ ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್‌ನಂಥ ಖಾಸಗಿ ದಾರಿಯಿಂದ ಕಳಿಸಿ. ಹಾಗೆ ಕಳಿಸಿದರೆ ಬ್ಲಾಕ್‌ಗೆ ಸೇರುವ ಮುಂಚೆ ನಿಮ್ಮ ಟ್ರಾನ್ಸಾಕ್ಷನ್ ಸಾರ್ವಜನಿಕ ಸರದಿಯಲ್ಲಿ ಕಾಣಿಸುವುದಿಲ್ಲ.

7. ಗ್ಯಾಸ್

ಬಳಸಿದ ಗ್ಯಾಸ್ ಅನ್ನು ನಿಜವಾಗಿ ಬಿದ್ದ ಗ್ಯಾಸ್ ದರದಿಂದ ಗುಣಿಸಿ. 1,30,000 ಗ್ಯಾಸ್, 10 ಗ್ವೇ (ಒಂದು ಗ್ವೇ ಈಥರ್‌ನ ನೂರು ಕೋಟಿಯಲ್ಲೊಂದು ಪಾಲು) ದರ ಎಂದರೆ 0.0013 ಈಥರ್. ಮೇಲಿನ ದರದಲ್ಲಿ 2.6 ಡಾಲರ್. 'ಗ್ಯಾಸ್ ಲಿಮಿಟ್' ಬೇರೆ, ಅದು ಮೇಲ್ಮಿತಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 2021ರ ಆಗಸ್ಟ್‌ನಿಂದ ಈ ಮೊತ್ತದಲ್ಲಿ ಮೂಲ ಶುಲ್ಕ ಸುಟ್ಟುಹೋಗುತ್ತದೆ, ಟಿಪ್ ಮಾತ್ರ ಬ್ಲಾಕ್ ಕಟ್ಟಿದವರಿಗೆ ಸೇರುತ್ತದೆ. ಬೇಸ್, ಆಪ್ಟಿಮಿಸಂನಂಥ ಎರಡನೇ ಪದರದ, ಅಂದರೆ ಈಥೀರಿಯಂ ಮೇಲೆ ಕಟ್ಟಿದ, ಜಾಲಗಳಲ್ಲಿ ಮುಖ್ಯ ಜಾಲದ ಶುಲ್ಕ ಬೇರೆ ಸಾಲಾಗಿ ಇರುತ್ತದೆ, ಅದನ್ನೂ ಸೇರಿಸಿ. ಆರ್ಬಿಟ್ರಂನಲ್ಲಿ ಅದು ಗ್ಯಾಸ್ ಲೆಕ್ಕದ ಒಳಗೇ ಬೆರೆತಿರುತ್ತದೆ.

8. ಲೆಕ್ಕ ತಾಳೆಯಾಗದಿದ್ದರೆ

ಮೊದಲ ಅನುಮಾನ: ಈಥರ್. ನೀವು ವೆಥ್ ಬದಲು ನೇರವಾಗಿ ಈಥರ್ ಪಡೆದಿದ್ದರೆ ಟೋಕನ್ ಸಾಲುಗಳಲ್ಲಿ ಅದು ಕಾಣದು. ಪೂಲ್ ವೆಥ್ ಅನ್ನು ರೌಟರ್‌ಗೆ ಕೊಡುತ್ತದೆ, ರೌಟರ್ ಅದನ್ನು ಬಿಚ್ಚಿ ಈಥರ್ ಮಾಡುತ್ತದೆ, ಆಗ 'ವಿತ್‌ಡ್ರಾವಲ್' ಎಂಬ ಸಾಲು ಬರುತ್ತದೆ. ಈಥರ್ ನಿಮಗೆ ಬಂದದ್ದು 'ಇಂಟರ್ನಲ್ ಟ್ರಾನ್ಸಾಕ್ಷನ್' ಭಾಗದಲ್ಲಿ ಸಿಗುತ್ತದೆ. 'ದುಡ್ಡೇ ಬಂದಿಲ್ಲ' ಎಂಬ ಗಾಬರಿಗಳಲ್ಲಿ ಬಹಳಷ್ಟು ಇಲ್ಲೇ ತಣ್ಣಗಾಗುತ್ತವೆ.

ಎರಡನೆಯದು: ಕೆಲವು ಟೋಕನ್‌ಗಳು ಪ್ರತಿ ವರ್ಗಾವಣೆಯಲ್ಲೂ ಒಂದು ಪಾಲು ಕತ್ತರಿಸಿಕೊಳ್ಳುತ್ತವೆ. 'ಸ್ವಾಪ್' ಸಾಲಿನಲ್ಲಿ 100 ಹೊರಗೆ ಹೋಗಿದೆ, ನಿಮ್ಮ ವಾಲೆಟ್‌ಗೆ ಬಂದ 'ಟ್ರಾನ್ಸ್‌ಫರ್' 95 ಎನ್ನುತ್ತದೆ. ಉಳಿದ 5 ಬೇರೆ ವಿಳಾಸಕ್ಕೆ ಹೋದ ಸಾಲು ಪಕ್ಕದಲ್ಲೇ ಇರುತ್ತದೆ.

ಮೂರನೆಯದು ಅಪಾಯದ್ದು. ಟೋಕನ್‌ಗೆ ಯಾರು ಯಾವ ಹೆಸರು ಬೇಕಾದರೂ ಇಡಬಹುದು. ಹೆಸರು ಯುಎಸ್‌ಡಿಸಿ ಎಂದಿದ್ದರೆ ಅದು ಯುಎಸ್‌ಡಿಸಿ ಆಗುವುದಿಲ್ಲ. ಹಾಗೆಯೇ ಯಾವ ಕಾಂಟ್ರ್ಯಾಕ್ಟ್ ಬೇಕಾದರೂ 'ಸ್ವಾಪ್', 'ಟ್ರಾನ್ಸ್‌ಫರ್' ಎಂಬ ಸಾಲುಗಳನ್ನು ಬರೆಯಬಹುದು. ಆದ್ದರಿಂದ ಸಾಲು ಬರೆದ ವಿಳಾಸ ಯಾವುದು ಎಂದು ನೋಡಲೇಬೇಕು. ಟೋಕನ್ ವಿಳಾಸವನ್ನು ಅದನ್ನು ಹೊರಡಿಸಿದವರ ಅಧಿಕೃತ ಪುಟದಲ್ಲಿರುವುದರ ಜೊತೆ ಪೂರ್ತಿಯಾಗಿ ಹೋಲಿಸಿ, ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರ ಸಾಲದು. ಪೂಲ್ ನಿಜವಾದದ್ದೇ ಎಂದು ತಿಳಿಯಲು ಡೆಕ್ಸ್‌ನ ಫ್ಯಾಕ್ಟರಿ ಕಾಂಟ್ರ್ಯಾಕ್ಟ್ ತೆರೆದು, ಎರಡೂ ಟೋಕನ್ ವಿಳಾಸ ಕೊಟ್ಟು ಕೇಳಿ. ಅದು ಹೇಳುವ ಪೂಲ್ ವಿಳಾಸ ಮತ್ತು ನಿಮ್ಮ ಲಾಗ್‌ನಲ್ಲಿರುವುದು ಒಂದೇ ಆಗಿರಬೇಕು. ಮೂರನೇ ಆವೃತ್ತಿಯಲ್ಲಿ ಶುಲ್ಕದ ದರವನ್ನೂ ಜೊತೆಗೆ ಕೊಡಬೇಕು.

ಸೊಲಾನಾ ಎಂಬ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ ಓದುವ ಬಗೆಯೇ ಬೇರೆ. ಅಲ್ಲಿ ಪ್ರತಿ ಟ್ರಾನ್ಸಾಕ್ಷನ್ ಜೊತೆ ಮುಂಚಿನ ಟೋಕನ್ ಬ್ಯಾಲೆನ್ಸ್ ಮತ್ತು ನಂತರದ ಬ್ಯಾಲೆನ್ಸ್ ಎರಡೂ ಇರುತ್ತವೆ. ಒಂದರಿಂದ ಇನ್ನೊಂದು ಕಳೆಯಿರಿ, ಅಷ್ಟೆ. 'ಕನ್ಫರ್ಮ್ಡ್' ಮತ್ತು 'ಫೈನಲೈಸ್ಡ್' ಅಲ್ಲಿ ಎರಡು ಬೇರೆ ಬೇರೆ ಮಟ್ಟ, ಎರಡನೆಯದು ಹೆಚ್ಚು ಗಟ್ಟಿ.

9. ಒಂದು ಪೂಲ್‌ನ ನೂರಾರು ಸ್ವಾಪ್ ಒಟ್ಟಿಗೆ ನೋಡುವಾಗ

ಒಂದು ಸ್ವಾಪ್ ಓದಲು ಬಂದರೆ ಮುಂದೆ ಇಡೀ ಪೂಲ್ ನೋಡುವ ಆಸೆ ಬರುತ್ತದೆ. ಒಂದು ಟೋಕನ್ ಕೊಳ್ಳುವ ಮುಂಚೆ ಇದು ತುಂಬಾ ಉಪಯೋಗ. ಡ್ಯೂನ್ ಎಂಬ ಬ್ಲಾಕ್‌ಚೈನ್ ದತ್ತಾಂಶದ ತಾಣದಲ್ಲಿ ಡೆಕ್ಸ್ ವಹಿವಾಟಿನ ಸಿದ್ಧ ಕೋಷ್ಟಕ ಇದೆ, ಸ್ವಲ್ಪ ಎಸ್‌ಕ್ಯೂಎಲ್ (ಕೋಷ್ಟಕದಿಂದ ದತ್ತಾಂಶ ಕೇಳುವ ಭಾಷೆ) ಗೊತ್ತಿದ್ದರೆ ಸಾಕು.

ಅಲ್ಲಿ ಒಂದು ಸಾಲು ಎಂದರೆ ಒಂದು ಪೂಲ್ ದಾಟಿದ್ದು. ಒಬ್ಬರು ಮೂರು ಪೂಲ್ ದಾಟಿ ಸ್ವಾಪ್ ಮಾಡಿದ್ದರೆ ಮೂರು ಸಾಲು. ಎಲ್ಲ ಕೂಡಿಸಿದರೆ 1,000 ಡಾಲರ್‌ನ ವ್ಯವಹಾರ 3,000 ಆಗಿ ಕಾಣುತ್ತದೆ. ಜನರ ವಹಿವಾಟು ತಿಳಿಯಬೇಕೆಂದರೆ ಟ್ರಾನ್ಸಾಕ್ಷನ್ ಹ್ಯಾಶ್‌ಗೆ ಒಂದರಂತೆ ಗುಂಪು ಮಾಡಿ, ಮೊದಲು ಕೊಟ್ಟ ಟೋಕನ್ ಮತ್ತು ಕೊನೆಗೆ ಪಡೆದ ಟೋಕನ್ ಮಾತ್ರ ಇಟ್ಟುಕೊಳ್ಳಿ. ಪೂಲ್ ಗಳಿಸಿದ ಶುಲ್ಕ ತಿಳಿಯಬೇಕೆಂದರೆ ಮಾತ್ರ ಎಲ್ಲ ಸಾಲೂ ಬೇಕು.

ಆಮೇಲೆ ಒಂದೊಂದು ವಾಲೆಟ್ ಎಷ್ಟು ಕೊಂಡಿತು, ಎಷ್ಟು ಮಾರಿತು ಎಂದು ಎರಡು ಕಾಲಂ ಮಾಡಿ. ವಹಿವಾಟು ಲಕ್ಷಗಟ್ಟಲೆ ಇದ್ದು, ಕೊಂಡದ್ದು ಮಾರಿದ್ದು ಹೆಚ್ಚುಕಡಿಮೆ ಸಮ ಇರುವ ನಾಲ್ಕೈದು ವಾಲೆಟ್‌ಗಳೇ ಮೇಲ್ಗಡೆ ತುಂಬಿದ್ದರೆ ಎಚ್ಚರ. ಅವು ಬೇರೆ ಬೇರೆ ಪೂಲ್‌ಗಳ ದರ ಸಮ ಮಾಡುವ ಆರ್ಬಿಟ್ರೇಜ್ ಬಾಟ್‌ಗಳಿರಬಹುದು, ಅದರಲ್ಲಿ ತಪ್ಪಿಲ್ಲ. ಅಥವಾ ತಮ್ಮೊಳಗೇ ಕೊಟ್ಟು ತೆಗೆದುಕೊಂಡು ಸಂಖ್ಯೆ ಉಬ್ಬಿಸುತ್ತಿರಬಹುದು. ಬೇರ್ಪಡಿಸಲು ಎರಡು ಪ್ರಶ್ನೆ ಕೇಳುತ್ತೇನೆ. ಅದೇ ಟ್ರಾನ್ಸಾಕ್ಷನ್‌ನಲ್ಲಿ ಇನ್ನೊಂದು ಪೂಲ್‌ನ ಸ್ವಾಪ್ ಇದೆಯಾ? ಇದ್ದರೆ ಬಾಟ್ ಇರುವ ಸಾಧ್ಯತೆ ಜಾಸ್ತಿ. ಈ ವಾಲೆಟ್‌ಗಳಿಗೆಲ್ಲ ಮೊದಲ ಈಥರ್ ಕಳಿಸಿದ ವಿಳಾಸ ಒಂದೇನಾ? ವಿನಿಮಯ ಕೇಂದ್ರದ ವಿಳಾಸ ಬಿಟ್ಟು ಬೇರೆ ಯಾವುದೋ ಒಂದೇ ವಿಳಾಸ ಎಲ್ಲಕ್ಕೂ ಮೂಲವಾಗಿದ್ದರೆ ಆ ವಹಿವಾಟನ್ನು ನಾನು ಲೆಕ್ಕದಿಂದ ತೆಗೆದುಹಾಕುತ್ತೇನೆ.

ಕೊನೆಗೆ 'ಬರ್ನ್' ಸಾಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಸ್ವಾಪ್‌ಗಳ ಪಕ್ಕ ಇಡಿ. 'ಬರ್ನ್' ಎಂದರೆ ಲಿಕ್ವಿಡಿಟಿ ಹಿಂತೆಗೆದದ್ದು. ಕೊಳ್ಳುವವರು ಏರುತ್ತಿರುವಾಗಲೇ ದೊಡ್ಡ ಲಿಕ್ವಿಡಿಟಿ ಹೊರಗೆ ಹೋಗುತ್ತಿದ್ದರೆ, ಹಿಂತೆಗೆದ ವಿಳಾಸ ಯಾವುದೆಂದು ನೋಡಿ. ಅದು ಟೋಕನ್ ಸೃಷ್ಟಿಸಿದ ವಿಳಾಸವೇ ಆಗಿದ್ದರೆ ನಾನು ಆ ಪೂಲ್‌ಗೆ ಕೈ ಹಾಕುವುದಿಲ್ಲ.